ನೀರಿಗೂ ಕಬ್ಬಿಣಕ್ಕೂ ನಡುವೆ ಮೂರು ಅಂಗುಲ

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ. ಕೋಕ್ ಉರಿಸುವ ಕುಪೋಲಾ ಬಿಟ್ಟು ಅರ್ಧ ಟನ್ನಿನ ಇಂಡಕ್ಷನ್ ಫರ್ನೇಸ್ ಕೂರಿಸುವಾಗ ಎಲ್ಲರ ಮಾತೂ ಕರೆಂಟಿನ ಸುತ್ತಲೇ ಇತ್ತು. ಟನ್ ಬೀಡು ಕರಗಿಸಲು ಸುಮಾರು 600 ಯೂನಿಟ್ ಎಂಬ ಲೆಕ್ಕ ಬೇಗ ಮುಗಿಯಿತು. ಮುಗಿಯದ ಕೆಲಸವೆಂದರೆ ಲೈನಿಂಗ್.

ಈ ಒಲೆಯಲ್ಲಿ ಉರಿಯಿಲ್ಲ. ತಾಮ್ರದ ಕೊಳವೆಯ ಕಾಯಿಲ್‌ನಲ್ಲಿ ಸಾವಿರ ಹರ್ಟ್ಜ್ ವಿದ್ಯುತ್ ಹರಿದಾಗ ಒಳಗಿನ ಕಬ್ಬಿಣದಲ್ಲೇ ವಿದ್ಯುತ್ತಿನ ಸುಳಿಗಳೆದ್ದು ಅದು ತಾನಾಗಿ ಕಾಯುತ್ತದೆ. ಕಾಯಿಲ್ ಕರಗದಿರಲು ಕೊಳವೆಯೊಳಗೆ ಸದಾ ನೀರು ಓಡುತ್ತಿರಬೇಕು. ಈಚೆ ನೀರು, ಆಚೆ 1400 ಡಿಗ್ರಿಯ ಕಬ್ಬಿಣ. ನಡುವೆ ಮೂರು ಅಂಗುಲದ ಸಿಲಿಕಾ ಪುಡಿ (ರ‍್ಯಾಮಿಂಗ್ ಮಾಸ್), ಅದೇ ಲೈನಿಂಗ್. ದಪ್ಪ ಹೆಚ್ಚಿಸಿದರೆ ಕಾಯಿಲ್‌ನ ಹಿಡಿತ ಲೋಹಕ್ಕೆ ತಾಗದೆ ಕರೆಂಟು ಪೋಲಾಗುತ್ತದೆ.

ಹಾಗಾಗಿ ಆ ಮೂರು ಅಂಗುಲವನ್ನೇ ಚೆನ್ನಾಗಿ ಕಟ್ಟಬೇಕು. ರ‍್ಯಾಮಿಂಗ್ ಮಾಸ್‌ಗೆ ನೂರಕ್ಕೆ ಒಂದರಷ್ಟು ಬೋರಿಕ್ ಆಸಿಡ್ ಬೆರೆಸಿ, ನೀರು ಸೋಕಿಸದೆ, ಒಳಗಿನ ಅಚ್ಚಾದ ತಗಡಿನ ಫಾರ್ಮರ್ ಸುತ್ತ ಸ್ವಲ್ಪಸ್ವಲ್ಪ ಸುರಿದು ತಿವಿಯುತ್ತೇವೆ. ಪ್ರತಿ ಪದರದ ಮೈ ಕೆರೆದು ಒರಟು ಮಾಡಿದ ಮೇಲೆಯೇ ಮುಂದಿನದು. ನುಣುಪಾಗಿ ಬಿಟ್ಟರೆ ಕಬ್ಬಿಣ ಆ ಗೆರೆಯಲ್ಲೇ ದಾರಿ ಹುಡುಕುತ್ತದೆ. ಫಾರ್ಮರ್ ಮೊದಲ ಚಾರ್ಜಿನ ಜೊತೆ ಕರಗಿಹೋಗುತ್ತದೆ. ಆ ಮೊದಲ ಕಾವಿಗೆ ಆತುರ ಕೂಡದು. 573 ಡಿಗ್ರಿಯಲ್ಲಿ ಕ್ವಾರ್ಟ್ಸ್ ಹರಳಿನ ರಚನೆ ಬದಲಾಗಿ ಹಿಗ್ಗುತ್ತದೆ, ಅಲ್ಲಿ ಓಡಿಸಿದರೆ ಬಿರುಕು. ಲೋಹ ತಾಗುವ ಮೈ ಮಾತ್ರ ಬೆಂದು ಮಡಕೆಯಂತೆ ಗಟ್ಟಿಯಾಗಬೇಕು, ಕಾಯಿಲ್ ಕಡೆಯದು ಪುಡಿಯಾಗಿಯೇ ಉಳಿಯಬೇಕು. ಗಟ್ಟಿ ಪದರ ಸೀಳಿದರೂ ಹಿಂದಿನ ಪುಡಿ ಸೀಳನ್ನು ಮುಂದೆ ಹೋಗಗೊಡುವುದಿಲ್ಲ. ಒಣ ಪುಡಿಯಿಂದ ಇಂಥ ರಕ್ಷಣೆ ಸಿಗುವುದು ನನಗೆ ಇಂದಿಗೂ ಬೆರಗೇ.

ಲೈನಿಂಗ್ ಕಲಿಸಿದ ಮೇಸ್ತ್ರಿ ಮೊದಲ ದಿನವೇ ಹೇಳಿದ್ದರು: “ಕರೆಂಟ್ ಹೋದ್ರ ಕಬ್ಬಿಣ ಸುಮ್ಮ ಕುಂಡ್ರಂಗಿಲ್ರೀ, ಮೊದ್ಲ ನೀರ ನೋಡ್ರಿ.” ಪಂಪು ನಿಂತರೂ ಒಲೆಯ ಕಾವು ನಿಲ್ಲುವುದಿಲ್ಲ. ಅದಕ್ಕೇ ಎತ್ತರದಲ್ಲೊಂದು ಟ್ಯಾಂಕು, ತಾನಾಗಿ ಇಳಿದು ಕಾಯಿಲ್‌ಗೆ ಹರಿಯುವ ನೀರು. ಹೊಸ ಫರ್ನೇಸ್ ಕೂರಿಸುವವರು ಯಾರೇ ಕೇಳಲಿ, ಪ್ಯಾನೆಲ್‌ಗಿಂತ ಮೊದಲು ಈ ಟ್ಯಾಂಕು ಕಟ್ಟಿ ಎನ್ನುತ್ತೇನೆ.

ಸ್ಕ್ರ್ಯಾಪ್ ಒಣಗಿರಬೇಕು. ಎರಡೂ ಕಡೆ ಮುಚ್ಚಿದ ಪೈಪಿನ ತುಂಡನ್ನು ಕತ್ತರಿಸದೆ ಹಾಕಲೇಬಾರದು; ಒಳಗೆ ಹನಿ ನೀರಿದ್ದರೂ ಆವಿಯಾಗಿ ಸಿಡಿದು ಕರಗಿದ ಕಬ್ಬಿಣವನ್ನು ಮೇಲೆರಚುತ್ತದೆ. ಮೇಲಿನ ತುಂಡುಗಳು ಅಂಟಿ ಸೇತುವೆಯಾದರೆ ಕೆಳಗಿನ ಲೋಹ ಕಣ್ಣಿಗೆ ಕಾಣದೆ ಮಿತಿಮೀರಿ ಕಾದು ಲೈನಿಂಗನ್ನು ತಿನ್ನುತ್ತದೆ.

ಮೋಲ್ಡ್ ಸಿದ್ಧವಾಗುವ ಮೊದಲೇ ಕರಗಿಸಿ ಕಾಯಿಸಿಡುವುದೂ ಅದೇ ಹಾನಿ ಮಾಡುತ್ತದೆ. ಹೆಚ್ಚು ಕಾದ ಕಬ್ಬಿಣದ ಇಂಗಾಲ ಸಿಲಿಕಾದೊಡನೆ ವರ್ತಿಸುತ್ತದೆ. ಗೋಡೆ ಸವೆಯುತ್ತದೆ, ಲೋಹದಲ್ಲಿ ಇಂಗಾಲ ಇಳಿದು ಸಿಲಿಕಾನ್ ಏರುತ್ತದೆ. ಹಾಗಾಗಿ ಮೋಲ್ಡ್ ಪೆಟ್ಟಿಗೆಗಳೆಲ್ಲ ಸಾಲಾಗಿ ಕೂತಮೇಲೆಯೇ ಕೊನೆಯ ಕಾವು ಕೊಡುತ್ತೇವೆ. ವಾರಕ್ಕೊಮ್ಮೆ ಒಲೆ ತಣ್ಣಗಿದ್ದಾಗ ಒಳವ್ಯಾಸ ಅಳೆದು ಬರೆದಿಡುತ್ತೇವೆ. ದಪ್ಪದಲ್ಲಿ ಮೂರನೇ ಒಂದು ಭಾಗ ತೀರಿದ್ದರೆ, ಆರ್ಡರ್ ಎಷ್ಟೇ ಬಾಕಿಯಿರಲಿ, ಒಡೆದು ಹೊಸ ಲೈನಿಂಗ್ ಹಾಕುತ್ತೇವೆ.