ಮುದ್ದೆ, ಹುರುಳಿಕಾಳು, ಅಮೈನೋ ಆಮ್ಲ

ಅಬ್ಬಿಗೆರೆಯ ನಮ್ಮ ರೂಮಲ್ಲಿ ತಿಂಗಳ ಕೊನೆಗೆ ಒಂದೇ ಚರ್ಚೆ: ಉಳಿದ ದುಡ್ಡಲ್ಲಿ ಪ್ರೋಟೀನ್ ಪೌಡರ್ ತಗೊಳ್ಳೋದಾ, ಮೆಸ್ ಬಿಲ್ ಕಟ್ಟೋದಾ? ಉತ್ತರಕ್ಕೆ ಸ್ವಲ್ಪ ರಸಾಯನಶಾಸ್ತ್ರ ಬೇಕು.

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರಪಳಿ. ಒಂದರ ಕಾರ್ಬಾಕ್ಸಿಲ್ ಗುಂಪು ಇನ್ನೊಂದರ ಅಮೈನೋ ಗುಂಪಿಗೆ ಸೇರಿದಾಗ ನೀರಿನ ಅಣುವೊಂದು ಹೊರಬಿದ್ದು ಪೆಪ್ಟೈಡ್ ಬಂಧ ಆಗುತ್ತೆ. ಒಂದೊಂದರ ಗುಣ ಬೇರೆಯಾಗೋದು ಅದರ ಪಾರ್ಶ್ವ ಸರಪಳಿಯಿಂದ. ಲೈಸಿನ್‌ನ ಪಾರ್ಶ್ವ ಸರಪಳಿ ನಮ್ಮ ದೇಹದಲ್ಲಿ ಪಾಸಿಟಿವ್ ಚಾರ್ಜ್ ಹೊತ್ತಿರುತ್ತೆ. ಮೂಳೆ, ಸ್ನಾಯುರಜ್ಜುಗಳ ಕೊಲಾಜನ್ ಎಳೆಗಳನ್ನು ಬೆಸೆಯಲು ಲೈಸಿನ್ ಬೇಕು. ಮೆಥಿಯೊನಿನ್‌ನಲ್ಲಿ ಗಂಧಕ ಇದೆ. ನಮ್ಮ ಜೀವಕೋಶಗಳು ಪ್ರೋಟೀನ್ ಕಟ್ಟಲು ಶುರುಮಾಡೋದೇ ಇದರಿಂದ.

ಒಟ್ಟು 20 ಬಗೆ ಬೇಕು. ಅವುಗಳಲ್ಲಿ 9 ಊಟದಿಂದಲೇ ಬರಬೇಕು, ದೇಹ ತಯಾರಿಸಲಾರದು. ಸಿಮೆಂಟ್ ರಾಶಿ ಬಿದ್ದಿದ್ದರೂ ಕಬ್ಬಿಣ ಇಲ್ಲದೆ ಮೋಲ್ಡ್ ಹಾಕೋಕಾಗಲ್ಲ. ಇಲ್ಲೂ ಅಷ್ಟೇ, ಕಮ್ಮಿ ಇರೋದೇ ಮಿತಿ.

ರಾಗಿಯಲ್ಲಿ ಮೆಥಿಯೊನಿನ್ ಚೆನ್ನಾಗಿದೆ, ಲೈಸಿನ್ ಕಮ್ಮಿ. ಹುರುಳಿ, ಅವರೆ, ತೊಗರಿಯಲ್ಲಿ ಲೈಸಿನ್ ಧಾರಾಳ, ಮೆಥಿಯೊನಿನ್ ಕಮ್ಮಿ. ಮುದ್ದೆ, ಕಾಳು ಸೇರಿದರೆ ಒಂದರ ಕೊರತೆ ಇನ್ನೊಂದು ತುಂಬುತ್ತೆ. ಒಂದೇ ತುತ್ತಲ್ಲಿ ಸೇರಬೇಕಂತಿಲ್ಲ, ದಿನದ ಊಟದಲ್ಲಿ ಎರಡೂ ಇದ್ದರೆ ಸಾಕು.

ಆದರೆ ಲೆಕ್ಕ ತಪ್ಪಬಾರದು. 100 ಗ್ರಾಂ ರಾಗಿಯಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ, ಅಷ್ಟೇ ಹುರುಳಿಯಲ್ಲಿ ಸುಮಾರು 22. ಬಸ್ಸಾರಲ್ಲಿ ಬಸಿದ ಕಟ್ಟು ಸಾರಿಗೆ ಹೋಗುತ್ತೆ, ಪ್ರೋಟೀನಿನ ಬಹುಪಾಲು ಕಾಳಲ್ಲೇ ಉಳಿಯುತ್ತೆ. ಬರೀ ಸಾರಲ್ಲಿ ಮುದ್ದೆ ನುಂಗಿ ಎದ್ದರೆ ಲೈಸಿನ್ ಪಲ್ಯದ ಪಾತ್ರೆಯಲ್ಲೇ ಉಳೀತು ಅಂತ ತಿಳ್ಕೊಳ್ಳಿ.

ಈ ತಿಂಗಳು ನಾವು ಮೆಸ್ ಬಿಲ್ ಕಟ್ಟಿದ್ವಿ. ಕಾಳುಪಲ್ಯ ಎರಡು ಸಲ ಹಾಕಿಸ್ಕೊಳ್ತಾ ಇದ್ದೀವಿ.