ಮೈನೋವಿನ ಮರೆಯ ಮನೋವ್ಯಥೆ

ಊರಿನ ಮನೆಗೆ ಬೀಗ ಹಾಕಿ ಮಗನೊಡನೆ ಮುಂಬಯಿಗೆ ಬಂದ ವೃದ್ಧೆಯೊಬ್ಬರು ಕೆಲವು ತಿಂಗಳಲ್ಲೇ ‘ಎದೆ ಭಾರ, ಹೊಟ್ಟೆ ಉರಿ, ಮೈಯೆಲ್ಲ ನೋವು’ ಎನ್ನತೊಡಗುವುದು ಅಪರೂಪವಲ್ಲ. ರಕ್ತಪರೀಕ್ಷೆ, ಇ.ಸಿ.ಜಿ.ಗಳಲ್ಲಿ ದೋಷ ಕಾಣದಿದ್ದಾಗ ಮನೆಯವರು ಅದನ್ನು ನೆಪವೆಂದು ಬಗೆಯುತ್ತಾರೆ. ಇದು ಅನ್ಯಾಯ. ನೋವು ನಿಜವಾದುದೇ. ಇಳಿವಯಸ್ಸಿನಲ್ಲಿ ಖಿನ್ನತೆಯು ಅನೇಕ ವೇಳೆ ದುಃಖದ ಮಾತಾಗಿ ಬಾರದೆ ಮೈನೋವಾಗಿಯೇ ಬರುತ್ತದೆ.

ನಸುಕಿಗೆ ಮುನ್ನವೇ ಎಚ್ಚರವಾಗಿ ಮತ್ತೆ ನಿದ್ರೆ ಬಾರದಿರುವುದು, ಊಟ ರುಚಿಸದಿರುವುದು, ಪ್ರಿಯವಾಗಿದ್ದ ಪೂಜೆ, ಹಾಡುಗಳಲ್ಲೂ ಆಸಕ್ತಿ ಅಳಿಯುವುದು, ಇವು ಎರಡು ವಾರ ಬಿಡದೆ ಉಳಿದರೆ ವೈದ್ಯರಿಗೆ ತಿಳಿಸಬೇಕು. ಆದರೆ ಪರಸ್ಥಳದಲ್ಲಿ ಭಾಷೆಯ ತೊಡಕೊಂದಿದೆ. ‘ಮನಸ್ಸಿಗೆ ಬೇಜಾರು’ ಎಂಬ ತಾಯಿಯ ಮಾತನ್ನು ಮಗನು ‘ಟೈಮ್‌ಪಾಸ್ ನಹೀಂ ಹೋತಾ’ ಎಂದು ಹಿಂದಿಗೆ ತಿರುಗಿಸಿದರೆ ರೋಗದ ಸುಳಿವೇ ಕೈತಪ್ಪುತ್ತದೆ. ‘ಇನ್ನು ಬದುಕಿ ಏನು ಫಲ’ ಎಂಬುದನ್ನಂತೂ ಸಂಕೋಚದಿಂದ ನುಂಗಿಬಿಡುವವರೇ ಹೆಚ್ಚು. ವೈದ್ಯರ ಕಿವಿಗೆ ಮೊದಲು ಬೀಳಬೇಕಾದ ಮಾತು ಅದೇ.

ಥೈರಾಯ್ಡ್ ಕೊರತೆ, ಬಿ-12 ಜೀವಸತ್ವದ ಅಭಾವಗಳೂ ಇಂತಹುದೇ ಲಕ್ಷಣ ತೋರಬಹುದಾದ್ದರಿಂದ ಅವುಗಳ ಪರೀಕ್ಷೆಯೂ ಅವಶ್ಯ. ಖಿನ್ನತೆಯ ಔಷಧಿ ಫಲ ಕೊಡಲು 2ರಿಂದ 4 ವಾರ, ವೃದ್ಧರಲ್ಲಿ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಗುಣ ಕಾಣಲಿಲ್ಲವೆಂದಾಗಲಿ ಗುಣವಾಯಿತೆಂದಾಗಲಿ ತಾವೇ ಅದನ್ನು ನಿಲ್ಲಿಸಬಾರದು.

ತಾಯ್ನುಡಿಯಲ್ಲೇ ಹೇಳಿಕೊಳ್ಳಬಯಸುವವರಿಗೆ ಕೇಂದ್ರ ಸರಕಾರವು 2022ರ ಅಕ್ಟೋಬರದಲ್ಲಿ ಆರಂಭಿಸಿದ ಟೆಲಿ-ಮಾನಸ್ ದೂರವಾಣಿ ಸೇವೆಯಿದೆ. 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಿ ಕನ್ನಡವನ್ನು ಆರಿಸಿಕೊಳ್ಳಬಹುದು. ಆ ಹೊತ್ತಿನಲ್ಲಿ ಮಗ, ಸೊಸೆ ಕೋಣೆಯಿಂದ ಹೊರಗಿರುವುದು ಲೇಸು.