ಸಸ್ಯಸಾರ, ಮಧುಮೇಹ ಮತ್ತು ಯಕೃತ್ತು: ವ್ಯಾಪಾರಿಗಳು ಅರಿಯಬೇಕಾದ ಸಂಗತಿಗಳು

ಅರಿಶಿನ, ಅಮೃತಬಳ್ಳಿ, ಮಧುನಾಶಿನಿ ಮುಂತಾದವುಗಳ ಸಾರವನ್ನು ತಯಾರಿಸಿ ಮಾರುವ ಸಣ್ಣ ಉದ್ದಿಮೆದಾರರು ಹಲವರಿದ್ದಾರೆ. ‘ಮಧುಮೇಹಿಗಳ ಯಕೃತ್ತಿಗೆ ರಕ್ಷಣೆ’ ಎಂಬ ಮಾತನ್ನು ಲೇಬಲ್ಲಿನ ಮೇಲೆ ಅಚ್ಚು ಹಾಕಿಸಿದರೆ ಬೇಡಿಕೆ ಹೆಚ್ಚಬಹುದು, ಹೊಣೆಗಾರಿಕೆಯೂ ಹೆಚ್ಚುತ್ತದೆ. ಆದುದರಿಂದ ಆ ಮಾತಿಗೆ ಆಧಾರವೆಷ್ಟು ಎಂಬುದನ್ನು ಮೊದಲು ಪರಿಶೀಲಿಸಬೇಕು.

ಹಾನಿಯ ಬಗೆ

ಎರಡನೆಯ ಬಗೆಯ ಮಧುಮೇಹದಲ್ಲಿ ದೇಹವು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಇದರಿಂದ ಯಕೃತ್ತಿನಲ್ಲಿ ಕೊಬ್ಬು ಶೇಖರವಾಗುತ್ತದೆ. ಕೆಲವರಲ್ಲಿ ಉರಿಯೂತ ಉಂಟಾಗಿ, ಕ್ರಮೇಣ ಯಕೃತ್ತು ನಾರುಗಟ್ಟಿ, ಸಿರೋಸಿಸ್ ಹಂತವನ್ನೂ ತಲುಪಬಹುದು.

ಪ್ರಯೋಗಗಳ ಮಿತಿ

ಸ್ಟ್ರೆಪ್ಟೋಜೋಟೋಸಿನ್ ಎಂಬ ರಾಸಾಯನಿಕದಿಂದ ಇಲಿಗಳಲ್ಲಿ ಮಧುಮೇಹ ಉಂಟುಮಾಡಿ, ಕೆಲವು ವಾರ ಸಸ್ಯಸಾರ ನೀಡಿ, ರಕ್ತದಲ್ಲಿನ ಎ.ಎಲ್.ಟಿ., ಎ.ಎಸ್.ಟಿ. ಕಿಣ್ವಗಳನ್ನು ಅಳೆಯುವುದು ಸಾಮಾನ್ಯ ಕ್ರಮ. ಅರಿಶಿನದ ಕರ್ಕ್ಯುಮಿನ್, ಮಿಲ್ಕ್ ತಿಸಲ್ ಬೀಜದ ಸಿಲಿಮರಿನ್ ಇಂತಹ ಪ್ರಯೋಗಗಳಲ್ಲಿ ಆಶಾದಾಯಕ ಫಲ ನೀಡಿವೆ. ಆದರೆ ಈ ರಾಸಾಯನಿಕವು ಇನ್ಸುಲಿನ್ ತಯಾರಿಸುವ ಕೋಶಗಳನ್ನೇ ನಾಶಮಾಡುತ್ತದೆ. ಮನುಷ್ಯರಲ್ಲಿ ಹೆಚ್ಚಾಗಿ ಕಾಣುವ ಮಧುಮೇಹದ ಬಗೆ ಬೇರೆ. ನೀರಿನಲ್ಲಿ ತೆಗೆದ ಸಾರದ ಫಲಿತಾಂಶ ಮದ್ಯಸಾರದಲ್ಲಿ ತೆಗೆದುದಕ್ಕೆ ಅನ್ವಯಿಸಬೇಕೆಂದೂ ಇಲ್ಲ.

ಸಸ್ಯದಿಂದ ಔಷಧಿಯವರೆಗಿನ ದಾರಿ ದೀರ್ಘವಾದುದು. ಗಲೀಗಾ ಎಂಬ ಯೂರೋಪಿನ ಗಿಡದಲ್ಲಿರುವ ಗ್ಯಾಲಿಜಿನ್ ಸಕ್ಕರೆಯನ್ನು ತಗ್ಗಿಸಿದರೂ ವಿಷಕಾರಿಯಾಗಿತ್ತು. ಅದರ ವರ್ಗಕ್ಕೆ ಸೇರಿದ ಮೆಟ್‌ಫಾರ್ಮಿನ್ 1922ರಲ್ಲಿ ಸಂಶ್ಲೇಷಿತವಾಯಿತು. ಮಧುಮೇಹದ ಚಿಕಿತ್ಸೆಯಲ್ಲಿ ಅದರ ಬಳಕೆಯನ್ನು ಫ್ರಾನ್ಸಿನ ವೈದ್ಯ ಝಾನ್ ಸ್ಟರ್ನ್ ವರದಿ ಮಾಡಿದ್ದು 1957ರಲ್ಲಿ.

ತಪ್ಪು ಸಸ್ಯದ ಅಪಾಯ

2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿ ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿನ ಹಾನಿಯನ್ನು ವರದಿ ಮಾಡಿದರು. ಅದೇ ಕುಲದ ಬೇರೊಂದು ಪ್ರಭೇದ ಬಳಕೆಯಾಗಿರಬಹುದೆಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ವಾದವೇನೇ ಇರಲಿ, ಯಕೃತ್ತನ್ನು ರಕ್ಷಿಸುವುದೆಂದು ಮಾರಿದ ಸರಕೇ ಅದಕ್ಕೆ ಕೆಡುಕಾಗಬಹುದು, ಮತ್ತು ಕಚ್ಚಾವಸ್ತುವಿನ ಗುರುತು ಖರೀದಿಯ ಹಂತದಲ್ಲೇ ಖಚಿತವಾಗಬೇಕು ಎಂಬ ಪಾಠ ಸ್ಪಷ್ಟ.

ಕಾನೂನಿನ ನಿಲುವು

1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳ) ಕಾಯಿದೆಯ ಅನುಸೂಚಿಯಲ್ಲಿ ಮಧುಮೇಹ ಸೇರಿದೆ. ಅದನ್ನು ಗುಣಪಡಿಸುವ ಅಥವಾ ತಡೆಯುವ ಔಷಧಿಯೆಂದು ಸಾರ್ವಜನಿಕರಿಗೆ ಜಾಹೀರಾತು ನೀಡುವಂತಿಲ್ಲ. ಆಯುರ್ವೇದ ಔಷಧಿಯ ತಯಾರಿಕೆಗೆ ಪರವಾನಗಿಯೂ ಅನುಸೂಚಿ ‘ಟಿ’ಯ ಉತ್ತಮ ತಯಾರಿಕಾ ಕ್ರಮಗಳೂ ಅಗತ್ಯ. ಆರೋಗ್ಯ ಪೂರಕವೆಂದು ಮಾರುವವರಿಗೆ ಆಹಾರ ಸುರಕ್ಷತಾ ನಿಯಮಾವಳಿ ಅನ್ವಯಿಸುತ್ತದೆ. ‘ಔಷಧಿಯಾಗಿ ಬಳಸಲು ಅಲ್ಲ’ ಎಂಬ ಸೂಚನೆ ಲೇಬಲ್ಲಿನಲ್ಲಿರಬೇಕು. ಒಂದೇ ಸರಕನ್ನು ಪರವಾನಗಿಯಲ್ಲಿ ಆಹಾರವೆಂದೂ ಕರಪತ್ರದಲ್ಲಿ ಔಷಧಿಯೆಂದೂ ತೋರಿಸುವುದು ಅಪಾಯಕರ.

ಪಾಲಿಸಬೇಕಾದ ಕ್ರಮ

ಪ್ರತಿ ಬ್ಯಾಚಿಗೂ ಸಸ್ಯದ ವೈಜ್ಞಾನಿಕ ಹೆಸರು, ಬಳಸಿದ ಭಾಗ, ಪೂರೈಕೆದಾರರ ಬಿಲ್ಲು, ಭಾರಲೋಹ ಹಾಗೂ ಕೀಟನಾಶಕ ಶೇಷದ ಪರೀಕ್ಷಾ ವರದಿ ಕಡತದಲ್ಲಿರಲಿ. ಬ್ಯಾಚ್ ಸಂಖ್ಯೆಯಿಂದ ಗ್ರಾಹಕನವರೆಗೆ ಮಾರಾಟದ ಜಾಡು ಸಿಗುವಂತಿರಲಿ. ವೈದ್ಯರು ಬರೆದ ಮಾತ್ರೆಯನ್ನು ನಿಲ್ಲಿಸಿ ಸಸ್ಯಸಾರ ಸೇವಿಸುವಂತೆ ಮಾರಾಟಗಾರರು ಎಂದೂ ಹೇಳಕೂಡದು. ಪರೀಕ್ಷೆಯ ಶುಲ್ಕವನ್ನು ಖರ್ಚಿನ ಬಾಬ್ತಿಗೆ ಬರೆದರೂ, ಗ್ರಾಹಕನ ಜೀವ ಮತ್ತು ಸಂಸ್ಥೆಯ ಹೆಸರು ಉಳಿಯುವುದು ಅದರಿಂದಲೇ.